ಗಾಳಿಯ ದಾರಿ

ಕಳೆದ ಮೇ ತಿಂಗಳ ಒಂದು ಮಧ್ಯಾಹ್ನ ಈ ಪುಟಕ್ಕಾಗಿ ಏನನ್ನೋ ಬರೆಯುತ್ತ ಕುಳಿತಿದ್ದೆ. ನನ್ನ ಹಳೆಯ ಗಣಕಯಂತ್ರ ಯಾವ ಮುನ್ಸೂಚನೆಯನ್ನೂ ಕೊಡದೆ ಆರಿಹೋಯಿತು. ವಿದ್ಯುತ್ತೇನೋ ಇತ್ತು, ತಲೆಯ ಮೇಲೆ ಫ್ಯಾನು ತಿರುಗುತ್ತಲೇ ಇತ್ತು. ಹತ್ತು ನಿಮಿಷ ಬಿಟ್ಟು ಗುಂಡಿ ಒತ್ತಿದೆ. ಯಂತ್ರ ಏನೂ ಆಗಿಲ್ಲವೆಂಬಂತೆ ಎದ್ದು ಕುಳಿತಿತು. ಕಾಲು ಗಂಟೆಯಲ್ಲಿ ಮತ್ತೆ ಆರಿತು. ಮೂರು ದಿನ ಇದೇ ಆಟ ನಡೆಯಿತು. ನಾಲ್ಕನೆಯ ದಿನ ಊರಿಗೆ ಬಂದಿದ್ದ ತಂಗಿಯ ಮಗ ಪೆಟ್ಟಿಗೆಯ ಪಕ್ಕದ ತಗಡನ್ನು ಬಿಚ್ಚಿ ಇಣುಕಿ ನೋಡಿ, “ಮಾವ, ಇದರೊಳಗೆ ಯಾರೋ ಹಾಸಿಗೆ ಹಾಸಿದ್ದಾರೆ” ಎಂದ.

ಅವನು ತಮಾಷೆ ಮಾಡಿದನಾದರೂ ಮಾತು ಸುಳ್ಳಾಗಿರಲಿಲ್ಲ. ಪ್ರೊಸೆಸರಿನ ಮೇಲಿರುವ ಲೋಹದ ರೆಕ್ಕೆಗಳ ಸಂದುಗಳಲ್ಲಿ ಧೂಳು ಸೇರಿ, ಒತ್ತಿ, ಬೂದುಬಣ್ಣದ ಕಂಬಳಿಯ ತುಂಡಿನಂತಾಗಿತ್ತು. ಫ್ಯಾನು ತಿರುಗುತ್ತಿತ್ತು, ಆದರೆ ಅದರ ಗಾಳಿ ಲೋಹವನ್ನು ಮುಟ್ಟುತ್ತಲೇ ಇರಲಿಲ್ಲ. ಹಳೆಯ ಬಣ್ಣದ ಕುಂಚವೊಂದರಿಂದ ಅರ್ಧ ಗಂಟೆಯಲ್ಲಿ ಅದನ್ನೆಲ್ಲ ತೆಗೆದುಹಾಕಿದ. ಅಂದಿನಿಂದ ಯಂತ್ರ ಒಮ್ಮೆಯೂ ಆರಿಲ್ಲ. ಒಂದು ಪೈಸೆಯೂ ಖರ್ಚಾಗಲಿಲ್ಲ.

ಆದರೆ ಆ ಧೂಳಿನ ಕಂಬಳಿಯನ್ನು ಕೈಯಲ್ಲಿ ಹಿಡಿದಾಗ ನನಗೆ 2005ರ ಮಾರ್ಚ್ ತಿಂಗಳ ಒಂದು ದಿನ ನೆನಪಾಯಿತು. ಆ ವಿಷಯವನ್ನು ಕೊನೆಯಲ್ಲಿ ಹೇಳುತ್ತೇನೆ. ಅದನ್ನು ಸರಿಯಾಗಿ ಹೇಳಬೇಕಾದರೆ ಮೊದಲು ಗಣಕಯಂತ್ರದ ಬಿಸಿಯ ಕಥೆಯನ್ನು ಹೇಳಬೇಕು. ಎಂಟು ದಶಕಗಳ ಈ ಕಥೆಯಲ್ಲಿ ಎಂಥೆಂಥ ಮೇಧಾವಿಗಳೋ ಎಡವಿದ್ದಾರೆ. ನಾನೊಬ್ಬ ಎಡವಿದ್ದು ಅದರ ಮುಂದೆ ಸಣ್ಣದು. ಆದರೂ ನನ್ನ ಪಾಲಿಗೆ ಅದು ಸಣ್ಣದಲ್ಲ.

ಬಿಸಿಯ ಲೆಕ್ಕ

ಎಲ್ಲರೂ ‘ಸಿ.ಪಿ.ಯು.’ ಎಂದು ಕರೆಯುವ ಆ ಪೆಟ್ಟಿಗೆ ನಿಜವಾಗಿ ಸಿ.ಪಿ.ಯು. ಅಲ್ಲ, ಅದರೊಳಗಿರುವ ಒಂದು ಅಂಗೈಯಗಲದ ಭಾಗಕ್ಕೆ ಮಾತ್ರ ಆ ಹೆಸರು ಸಲ್ಲುತ್ತದೆ. ಪೆಟ್ಟಿಗೆ ಒಂದು ಮನೆಯಿದ್ದಂತೆ. ಆ ಮನೆಯಲ್ಲಿ ಪ್ರೊಸೆಸರ್, ವಿದ್ಯುತ್ ಪೂರೈಕೆಯ ಘಟಕ, ಹಾರ್ಡ್ ಡಿಸ್ಕ್, ಚಿತ್ರಗಳಿಗಾಗಿ ಗ್ರಾಫಿಕ್ಸ್ ಕಾರ್ಡ್ ಮುಂತಾದ ನಿವಾಸಿಗಳಿದ್ದಾರೆ. ಪ್ರತಿಯೊಬ್ಬರ ಬಳಿಯೂ ಒಂದೊಂದು ಒಲೆ ಇದೆ.

ಹಿಟ್ಟಿನ ಗಿರಣಿಗೆ ಕೊಟ್ಟ ವಿದ್ಯುತ್ತು ಜೋಳವನ್ನು ಬೀಸುತ್ತದೆ. ಪಂಪಿಗೆ ಕೊಟ್ಟ ವಿದ್ಯುತ್ತು ನೀರನ್ನು ಮೇಲಕ್ಕೆತ್ತುತ್ತದೆ. ಗಣಕಯಂತ್ರ ಏನನ್ನೂ ಬೀಸುವುದಿಲ್ಲ, ಎತ್ತುವುದೂ ಇಲ್ಲ. ಅದು ಲೆಕ್ಕ ಮಾಡುತ್ತದೆ. ಲೆಕ್ಕ ಮುಗಿದ ಮೇಲೆ ಅದಕ್ಕೆ ಕೊಟ್ಟ ವಿದ್ಯುತ್ತು ಹೆಚ್ಚುಕಡಿಮೆ ಪೂರ್ತಿಯಾಗಿ ಶಾಖವಾಗಿರುತ್ತದೆ. 120 ವಾಟ್ ಬಳಸುವ ಯಂತ್ರ, ಶಾಖದ ದೃಷ್ಟಿಯಿಂದ, 120 ವಾಟ್‌ನ ಒಂದು ಹೀಟರೇ ಸರಿ. ಆ ಶಾಖ ಹೊರಗೆ ಹೋಗದಿದ್ದರೆ ಒಳಗೇ ಸೇರುತ್ತ ಹೋಗುತ್ತದೆ.

ಎಂಟನೆಯ ತರಗತಿಯಲ್ಲಿ ನಿಮಗೆ ಪಾಠ ಮಾಡಿದ ವಹನ, ಸಂವಹನ, ವಿಕಿರಣಗಳು ನೆನಪಿರಬಹುದು. ಇಲ್ಲಿ ಮೊದಲೆರಡಕ್ಕೆ ಹೆಚ್ಚು ಕೆಲಸ. ಚಿಪ್ಪಿನ ಶಾಖ ಒಂದು ತೆಳುವಾದ ಪೇಸ್ಟಿನ ಮೂಲಕ ‘ಹೀಟ್ ಸಿಂಕ್’ ಎಂಬ ಅಲ್ಯೂಮಿನಿಯಂ ಅಥವಾ ತಾಮ್ರದ ರೆಕ್ಕೆಗಳಿಗೆ ಹರಿಯುತ್ತದೆ, ಇದು ವಹನ. ರೆಕ್ಕೆಗಳಿಂದ ಶಾಖವನ್ನು ಗಾಳಿ ಹೊತ್ತೊಯ್ಯುತ್ತದೆ, ಇದು ಸಂವಹನ. ಮೂರನೆಯದಾಗಿ ಆ ಬಿಸಿಗಾಳಿ ಪೆಟ್ಟಿಗೆಯಿಂದಲೇ ಹೊರಹೋಗಿ ಅದರ ಜಾಗಕ್ಕೆ ತಣ್ಣನೆಯ ಗಾಳಿ ಬರಬೇಕು. ಎಲ್ಲರೂ ಮರೆಯುವುದು ಈ ಮೂರನೆಯ ಹೆಜ್ಜೆಯನ್ನು. ಪ್ರೊಸೆಸರಿನ ಫ್ಯಾನು ಎಷ್ಟೇ ಜೋರಾಗಿ ತಿರುಗಲಿ, ಮುಚ್ಚಿದ ಪೆಟ್ಟಿಗೆಯೊಳಗೆ ಅದು ಅದೇ ಬಿಸಿಗಾಳಿಯನ್ನು ಮತ್ತೆ ಮತ್ತೆ ಕಡೆಯುತ್ತದೆ, ಅಷ್ಟೆ.

ಎಷ್ಟು ಗಾಳಿ ಬೇಕು? ಒಂದು ಘನಮೀಟರ್ ಗಾಳಿಯ ತೂಕ ಸುಮಾರು 1.2 ಕಿಲೋಗ್ರಾಂ. ಅದನ್ನು 10 ಡಿಗ್ರಿ ಬಿಸಿ ಮಾಡಲು ಸುಮಾರು 12,000 ಜೂಲ್ ಬೇಕು. 120 ವಾಟ್ ಎಂದರೆ ಸೆಕೆಂಡಿಗೆ 120 ಜೂಲ್. ಭಾಗಿಸಿದರೆ 100 ಸೆಕೆಂಡಿಗೆ ಒಂದು ಘನಮೀಟರ್, ಅಂದರೆ ಸೆಕೆಂಡಿಗೆ 10 ಲೀಟರ್. ಒಳಗಿನ ಗಾಳಿ ಹೊರಗಿನದಕ್ಕಿಂತ ಹತ್ತು ಡಿಗ್ರಿಗಿಂತ ಹೆಚ್ಚು ಬಿಸಿಯಾಗಬಾರದು ಎಂದರೆ, ಪ್ರತಿ ಸೆಕೆಂಡಿಗೂ ಒಂದು ಬಿಂದಿಗೆಯಷ್ಟು ಗಾಳಿ ಆ ಪೆಟ್ಟಿಗೆಯನ್ನು ಹಾದುಹೋಗಬೇಕು. ಗಾಳಿ ಅರ್ಧಕ್ಕಿಳಿದರೆ ಏರಿಕೆ ಇಪ್ಪತ್ತು ಡಿಗ್ರಿ. ಇಷ್ಟು ಸರಳ ಭಾಗಾಕಾರದ ಸುತ್ತಲೇ ಮುಂದಿನ ಕಥೆಯೆಲ್ಲ ಸುತ್ತುತ್ತದೆ.

ಕೋಣೆಯಷ್ಟು ದೊಡ್ಡ ಯಂತ್ರಗಳು

1946ರ ಫೆಬ್ರವರಿಯಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದಲ್ಲಿ ‘ಎನಿಯಾಕ್’ ಎಂಬ ಯಂತ್ರ ಲೋಕಕ್ಕೆ ಪರಿಚಯವಾಯಿತು. ಸುಮಾರು 18,000 ನಿರ್ವಾತ ನಳಿಕೆಗಳು, ಮೂವತ್ತು ಟನ್ನಿನಷ್ಟು ತೂಕ, ಸುಮಾರು 150 ಕಿಲೋವಾಟ್ ವಿದ್ಯುತ್ತು. ನಳಿಕೆಯೊಳಗೆ ಕೆಂಪಗೆ ಕಾಯುವ ತಂತಿಯಿರುತ್ತದೆ. ಹಳೆಯ ವಾಲ್ವ್ ರೇಡಿಯೋದ ಹಿಂಬದಿಗೆ ಕೈಯಿಟ್ಟವರಿಗೆ ಆ ಶಾಖದ ಪರಿಚಯವುಂಟು. ಅಂಥವು ಹದಿನೆಂಟು ಸಾವಿರ! ದೊಡ್ಡ ಗಾಳಿಯಂತ್ರಗಳಿಂದ ಅವುಗಳ ನಡುವೆ ಗಾಳಿಯನ್ನು ತಳ್ಳಬೇಕಾಗಿತ್ತು. ಯಂತ್ರದ ಮುಖ್ಯ ಎಂಜಿನಿಯರ್ ಪ್ರೆಸ್ಪರ್ ಎಕರ್ಟ್ ನಳಿಕೆಗಳನ್ನು ಅವುಗಳ ಪೂರ್ಣ ಸಾಮರ್ಥ್ಯಕ್ಕಿಂತ ಕಡಿಮೆ ವೋಲ್ಟೇಜಿನಲ್ಲಿ ದುಡಿಸಿ ಆಯುಷ್ಯವನ್ನು ಹೆಚ್ಚಿಸಿದರು. ನಳಿಕೆಗಳು ಹೆಚ್ಚಾಗಿ ಸುಡುತ್ತಿದ್ದುದು ಯಂತ್ರವನ್ನು ಆರಿಸಿ ಮತ್ತೆ ಹಚ್ಚುವಾಗ. ಕಾಯುವ ಮತ್ತು ತಣಿಯುವ ಎಳೆದಾಟವನ್ನು ತಂತಿ ಸಹಿಸುತ್ತಿರಲಿಲ್ಲ. ಹೀಗಾಗಿ ಯಂತ್ರವನ್ನು ಆದಷ್ಟು ಆರಿಸದೆಯೇ ಇಡುತ್ತಿದ್ದರು.

ಟ್ರಾನ್ಸಿಸ್ಟರ್ ಬಂದು ನಳಿಕೆಯ ಶಾಖವನ್ನು ತೊಲಗಿಸಿತು. ಆದರೆ ಶಾಖದ ಪ್ರಶ್ನೆ ತೊಲಗಲಿಲ್ಲ. ಟ್ರಾನ್ಸಿಸ್ಟರುಗಳು ಚಿಕ್ಕದಾದಷ್ಟೂ ಒಂದೇ ಜಾಗದಲ್ಲಿ ಹೆಚ್ಚು ಹೆಚ್ಚು ಕೂಡಿಸಿದರು. ಗಾರ್ಡನ್ ಮೂರ್ 1965ರಲ್ಲಿ ಚಿಪ್ಪಿನ ಭಾಗಗಳ ಸಂಖ್ಯೆ ಹೇಗೆ ಬೆಳೆಯುತ್ತದೆಂದು ಭವಿಷ್ಯ ನುಡಿದ ತಮ್ಮ ಪ್ರಸಿದ್ಧ ಲೇಖನದಲ್ಲಿಯೇ, ಅಷ್ಟೊಂದು ಭಾಗಗಳ ಶಾಖವನ್ನು ಹೊರತೆಗೆಯಲು ಸಾಧ್ಯವೇ ಎಂಬ ಪ್ರಶ್ನೆಯನ್ನೂ ಎತ್ತಿದ್ದರು.

ಸೆಮೂರ್ ಕ್ರೇ ನಿರ್ಮಿಸಿದ ‘ಕ್ರೇ-1’ ಯಂತ್ರ 1976ರಲ್ಲಿ ಲಾಸ್ ಅಲಮಾಸ್ ಪ್ರಯೋಗಾಲಯವನ್ನು ತಲುಪಿತು. ಅರ್ಧಚಂದ್ರಾಕಾರದ ಕಪಾಟು, ಸುತ್ತಲೂ ಮೆತ್ತೆ ಹಾಕಿದ ಕಟ್ಟೆ. ನೋಡಿದವರಿಗೆ ಯಾವುದೋ ಹೋಟೆಲಿನ ಮೊಗಸಾಲೆಯ ಆಸನವೆನಿಸಬಹುದು. ಆ ಕಟ್ಟೆಯೊಳಗೆ ವಿದ್ಯುತ್ ಪೂರೈಕೆಯ ಘಟಕಗಳಿದ್ದವು. ಸುಮಾರು 115 ಕಿಲೋವಾಟ್ ಶಾಖವನ್ನು ಹೊರಹಾಕಲು ಗಾಳಿ ಸಾಲದೆ, ನಮ್ಮ ಮನೆಯ ಫ್ರಿಜ್ಜಿನಂತೆ ಫ್ರಿಯಾನ್ ದ್ರವವನ್ನು ಕೊಳವೆಗಳಲ್ಲಿ ಹರಿಸಿದರು. 1985ರ ‘ಕ್ರೇ-2’ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ವಿದ್ಯುತ್ತನ್ನು ಹರಿಯಗೊಡದ ಒಂದು ಪಾರದರ್ಶಕ ದ್ರವದಲ್ಲಿ ಇಡೀ ಸರ್ಕಿಟುಗಳನ್ನೇ ಮುಳುಗಿಸಿಬಿಟ್ಟರು.

ಐ.ಬಿ.ಎಂ. ಸಂಸ್ಥೆ 1980ರ ನವೆಂಬರಿನಲ್ಲಿ ಪ್ರಕಟಿಸಿದ 3081 ಯಂತ್ರದಲ್ಲಿ ನೂರಕ್ಕೂ ಹೆಚ್ಚು ಚಿಪ್ಪುಗಳನ್ನು ಒಂದೇ ಪಿಂಗಾಣಿ ತಟ್ಟೆಯ ಮೇಲೆ ಕೂರಿಸಿ, ಪ್ರತಿಯೊಂದು ಚಿಪ್ಪಿನ ಬೆನ್ನಿಗೂ ಸ್ಪ್ರಿಂಗಿನಿಂದ ಒತ್ತಿದ ಲೋಹದ ಕೊರಡನ್ನು ತಾಗಿಸಿ, ಅದರ ಮೇಲೆ ನೀರನ್ನು ಹರಿಸಿದರು. ನೀರೇ ಏಕೆ? ಒಂದು ಲೀಟರ್ ಗಾಳಿಯನ್ನು ಹತ್ತು ಡಿಗ್ರಿ ಕಾಯಿಸಲು 12 ಜೂಲ್ ಸಾಕು. ಒಂದು ಲೀಟರ್ ನೀರಿಗೆ ಸುಮಾರು 42,000 ಜೂಲ್ ಬೇಕು. ಅಂದರೆ ಅಷ್ಟೇ ಗಾತ್ರದ ನೀರು ಗಾಳಿಗಿಂತ ಮೂರುವರೆ ಸಾವಿರ ಪಟ್ಟು ಶಾಖವನ್ನು ಹೊತ್ತೊಯ್ಯಬಲ್ಲುದು. 1990ರ ದಶಕದಲ್ಲಿ ಕಡಿಮೆ ವಿದ್ಯುತ್ತು ಕುಡಿಯುವ ‘ಸಿಮಾಸ್’ ಚಿಪ್ಪುಗಳು ಈ ದೊಡ್ಡ ಯಂತ್ರಗಳಿಗೂ ಬಂದ ಮೇಲೆ ನೀರಿನ ಕೊಳವೆಗಳನ್ನು ಕಳಚಿ ಮತ್ತೆ ಗಾಳಿಗೆ ಮರಳಿದರು. ಬಿಸಿಯ ಯುದ್ಧವನ್ನು ಗೆದ್ದೆವೆಂದು ಆಗ ಹಲವರಿಗೆ ಅನ್ನಿಸಿತ್ತು.

ಫ್ಯಾನೇ ಬೇಡವೆಂಬ ಹಠ

ಇತ್ತ ಮನೆಯ ಮೇಜಿನ ಮೇಲೆ ಕೂರುವ ಯಂತ್ರಗಳ ಕಥೆ ಬೇರೆಯೇ ದಾರಿ ಹಿಡಿದಿತ್ತು. 1977ರ ‘ಆಪಲ್ ಟೂ’ ಯಂತ್ರಕ್ಕೆ ಫ್ಯಾನು ಇರಲಿಲ್ಲ. ಸ್ಟೀವ್ ಜಾಬ್ಸ್‌ಗೆ ಫ್ಯಾನಿನ ಸದ್ದು ಎಂದರೆ ಆಗುತ್ತಿರಲಿಲ್ಲ. ರಾಡ್ ಹೋಲ್ಟ್ ಎಂಬ ಎಂಜಿನಿಯರ್ ಹೆಚ್ಚು ಬಿಸಿಯಾಗದ ‘ಸ್ವಿಚಿಂಗ್’ ಮಾದರಿಯ ವಿದ್ಯುತ್ ಘಟಕವನ್ನು ರೂಪಿಸಿಕೊಟ್ಟಿದ್ದರಿಂದ ಆ ಆಸೆ ಕೈಗೂಡಿತು.

ಒಮ್ಮೆ ಗೆದ್ದ ಹಠ ಮುಂದಿನ ಸಲವೂ ಗೆಲ್ಲಬೇಕೆಂದಿಲ್ಲ. 1980ರಲ್ಲಿ ಬಂದ ‘ಆಪಲ್ ಥ್ರೀ’ ಯಂತ್ರಕ್ಕೂ ಫ್ಯಾನು ಬೇಡ, ಗಾಳಿಕಿಂಡಿಯೂ ಬೇಡವೆಂದು ಜಾಬ್ಸ್ ಪಟ್ಟು ಹಿಡಿದರೆಂದು ಅಂದಿನ ಸಹೋದ್ಯೋಗಿಗಳು ಹೇಳಿಕೊಂಡಿದ್ದಾರೆ. ಎರಕ ಹೊಯ್ದ ಅಲ್ಯೂಮಿನಿಯಂ ತಳವೇ ಶಾಖವನ್ನು ಹೊರಹಾಕಬೇಕೆಂಬುದು ಎಣಿಕೆ. ಒಳಗಿನ ಚಿಪ್ಪುಗಳು ತಮ್ಮ ಗೂಡುಗಳಿಂದ ಮೆಲ್ಲಮೆಲ್ಲನೆ ಸಡಿಲವಾಗಿ ಮೇಲೇಳತೊಡಗಿದವು. ಯಂತ್ರವನ್ನು ಒಂದೆರಡು ಅಂಗುಲ ಮೇಲೆತ್ತಿ ಮೇಜಿನ ಮೇಲೆ ಕುಕ್ಕಿರಿ, ಚಿಪ್ಪುಗಳು ಸ್ವಸ್ಥಾನಕ್ಕೆ ಮರಳುತ್ತವೆ ಎಂದು ಗ್ರಾಹಕರಿಗೆ ಸಲಹೆ ಕೊಡಬೇಕಾಯಿತು! ದೋಷಕ್ಕೆ ಬಿಸಿಯೊಂದೇ ಕಾರಣವಲ್ಲವೆಂಬ ವಾದವೂ ಉಂಟು. ಏನೇ ಇರಲಿ, ಮೊದಲ ಸುಮಾರು 14,000 ಯಂತ್ರಗಳನ್ನು ಸಂಸ್ಥೆ ಬದಲಿಸಿಕೊಡಬೇಕಾಯಿತು.

1984ರ ‘ಮ್ಯಾಕಿಂತಾಷ್’ ಕೂಡ ಫ್ಯಾನಿಲ್ಲದೆಯೇ ಬಂದಿತು. ತಲೆಯ ಬಳಿ ಕಿಂಡಿಗಳಿದ್ದವು. ಬಿಸಿಗಾಳಿ ತಾನಾಗಿ ಮೇಲೇರಿ ಹೋಗಬೇಕು. ಹೆಚ್ಚು ಹೊತ್ತು ಬಳಸುವವರು ಅದರ ತಲೆಯ ಮೇಲೆ ಕೊಳವೆಯಂಥ ಒಂದು ಚಿಮಣಿಯನ್ನು ಇಡುತ್ತಿದ್ದರು. ನೋಡುವವರಿಗೆ ಹಾಸ್ಯವೆನಿಸಿದರೂ ತತ್ತ್ವ ಸರಿಯಾಗಿಯೇ ಇತ್ತು. ಚಿಮಣಿ ಎತ್ತರವಾದಷ್ಟೂ ಒಳಗಿನ ಹಗುರವಾದ ಬಿಸಿಗಾಳಿಯ ಕಂಬ ಉದ್ದವಾಗುತ್ತದೆ, ಎಳೆತ ಬಲವಾಗುತ್ತದೆ. ನಮ್ಮಲ್ಲಿ ಹಲವರ ಮನೆಗಳಲ್ಲಿದ್ದ ‘ಅಸ್ತ್ರ ಒಲೆ’ಯನ್ನು ನೆನೆಯಿರಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಗ್ರಾಮೀಣ ತಂತ್ರಜ್ಞಾನಕ್ಕಾಗಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದವರು ರೂಪಿಸಿದ ಒಲೆ ಅದು. ಅಲ್ಲಿ ಊದುಕೊಳವೆಯಿಂದ ಊದುವ ಶ್ರಮ ತಪ್ಪಿದ್ದು ಚಿಮಣಿಯ ಎಳೆತದಿಂದ. ಗಾಳಿ ಎಲ್ಲಿಂದ ಬರಬೇಕು, ಯಾವುದನ್ನು ಮುಟ್ಟಿ ಹಾದುಹೋಗಬೇಕು, ಎಲ್ಲಿಂದ ಹೊರಬೀಳಬೇಕು ಎಂಬ ಮೂರು ಪ್ರಶ್ನೆಗಳಿಗೆ ಉತ್ತರವಿದ್ದರೆ ಒಲೆಯೂ ಉರಿಯುತ್ತದೆ, ಯಂತ್ರವೂ ತಣ್ಣಗಿರುತ್ತದೆ.

ಕೊನೆಗೆ 1987ರ ‘ಮ್ಯಾಕಿಂತಾಷ್ ಎಸ್.ಇ.’ಗೆ ಫ್ಯಾನು ಬಂದೇ ಬಂದಿತು.

ಪೆಟ್ಟಿಗೆಯೊಳಗಿನ ಗಾಳಿ

1981ರ ಆಗಸ್ಟಿನಲ್ಲಿ ಬಂದ ಐ.ಬಿ.ಎಂ. ಪಿ.ಸಿ. ಈ ವಿಷಯದಲ್ಲಿ ಸಂಸಾರಸ್ಥನಂತೆ ನಡೆದುಕೊಂಡಿತು. ವಿದ್ಯುತ್ ಘಟಕದ ಹಿಂಬದಿಯಲ್ಲಿ ಒಂದು ಫ್ಯಾನು; ಅದು ಒಳಗಿನ ಗಾಳಿಯನ್ನು ಹೊರಕ್ಕೆ ನೂಕುತ್ತಿತ್ತು, ಮುಂದಿನ ಸಂದುಗಳಿಂದ ತಣ್ಣನೆಯ ಗಾಳಿ ಒಳಗೆ ಬರುತ್ತಿತ್ತು. 4.77 ಮೆಗಾಹರ್ಟ್ಸ್ ವೇಗದ ಅದರ ಪ್ರೊಸೆಸರಿಗೆ ಹೀಟ್ ಸಿಂಕೇ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಮುಂದಿನ ಹತ್ತು ಹನ್ನೆರಡು ವರ್ಷಗಳಲ್ಲಿ ಚಿತ್ರ ಬದಲಾಯಿತು. 1989ರ 486 ಪ್ರೊಸೆಸರ್ ಕುಟುಂಬದ ವೇಗದ ಮಾದರಿಗಳ ತಲೆಯ ಮೇಲೆ ಲೋಹದ ರೆಕ್ಕೆಗಳು ಮೂಡಿದವು. 1993ರ ಪೆಂಟಿಯಂ ಸುಮಾರು 15 ವಾಟ್ ಶಾಖವನ್ನು ಹೊರಬಿಡತೊಡಗಿದಾಗ ಹೀಟ್ ಸಿಂಕಿನ ಮೇಲೆ ಪುಟ್ಟ ಫ್ಯಾನು ಕೂಡ ಸಾಮಾನ್ಯವಾಯಿತು. ಹದಿನೈದು ವಾಟ್ ಎಂದರೆ ಹಳೆಯ ಕಾಲದ ಸೊನ್ನೆ ಬಲ್ಬಿನಷ್ಟೇ. ಆದರೆ ಅದು ಉಗುರಗಲದ ಜಾಗದಿಂದ ಹೊರಡಬೇಕು ಎಂಬುದೇ ತೊಡಕು.

1995ರಲ್ಲಿ ಇಂಟೆಲ್ ಸಂಸ್ಥೆ ‘ಎ.ಟಿ.ಎಕ್ಸ್.’ ಎಂಬ ಹೊಸ ವಿನ್ಯಾಸವನ್ನು ಕೊಟ್ಟಿತು. ಇಂದಿಗೂ ಬಹುಪಾಲು ಪೆಟ್ಟಿಗೆಗಳು ಇದರ ಸಂತಾನವೇ. ಪ್ರೊಸೆಸರನ್ನು ವಿದ್ಯುತ್ ಘಟಕದ ಬಳಿಗೆ ತಂದು, ಆ ಘಟಕದ ಫ್ಯಾನು ಹೊರಗಿನ ಗಾಳಿಯನ್ನು ಒಳಕ್ಕೆಳೆದು ಪ್ರೊಸೆಸರಿನ ಮೇಲೆ ಬೀಸಬೇಕೆಂಬುದು ಮೊದಲ ಯೋಜನೆಯಾಗಿತ್ತು. ಒಂದೇ ಫ್ಯಾನಿನಿಂದ ಎರಡು ಕೆಲಸ! ಕಾಗದದ ಮೇಲೆ ಸೊಗಸಾಗಿದ್ದ ಈ ಯೋಜನೆಯಲ್ಲಿ ಒಂದು ದೋಷವಿತ್ತು: ಗಾಳಿ ಮೊದಲು ವಿದ್ಯುತ್ ಘಟಕವನ್ನು ಸುತ್ತಿ ಬಿಸಿಯಾಗಿಯೇ ಪ್ರೊಸೆಸರನ್ನು ತಲುಪುತ್ತಿತ್ತು. ಪ್ರೊಸೆಸರ್ ಬಿಸಿಯಾದಂತೆಲ್ಲ ಇದು ಒಲೆಯ ಮುಂದೆ ಕೂತವನಿಗೆ ಬೀಸಣಿಗೆಯಿಂದ ಒಲೆಯ ಕಡೆಯಿಂದಲೇ ಬೀಸಿದಂತಾಯಿತು. ಮುಂದೆ ಫ್ಯಾನಿನ ದಿಕ್ಕು ಬದಲಾಗಿ ಹೊರಕ್ಕೆ ನೂಕುವ ಹಳೆಯ ಪದ್ಧತಿಯೇ ನೆಲೆಯಾಯಿತು.

ಗಾಳಿಗೆ ಅಡ್ಡಿ ಬರುವ ಸಣ್ಣಪುಟ್ಟ ಸಂಗತಿಗಳೂ ಇದ್ದವು. ಆ ಕಾಲದ ಪೆಟ್ಟಿಗೆ ತೆರೆದವರಿಗೆ ಬೂದುಬಣ್ಣದ ಅಗಲವಾದ ಪಟ್ಟಿಯಂಥ ಕೇಬಲ್‌ಗಳು ನೆನಪಿರಬಹುದು. ಅವು ಪರದೆ ಇಳಿಬಿಟ್ಟಂತೆ ಗಾಳಿಗೆ ಅಡ್ಡ ನಿಲ್ಲುತ್ತಿದ್ದವು. 2003ರ ಹೊತ್ತಿಗೆ ‘ಸಾಟಾ’ ಎಂಬ ಸಪೂರವಾದ ಕೇಬಲ್ ಬರತೊಡಗಿದ ಮೇಲೆ ಆ ಪರದೆ ಸರಿಯಿತು. ಹಿಂಬದಿಯಲ್ಲಿ ಕಾರ್ಡುಗಳಿಗಾಗಿ ಇರುವ ಸೀಳುಗಳಿಗೆ ತಗಡಿನ ಮುಚ್ಚಳವಿರುತ್ತದೆ. ಒಂದು ಕಾರ್ಡು ತೆಗೆದು ಆ ಸೀಳನ್ನು ಹಾಗೇ ತೆರೆದಿಟ್ಟರೆ, ಮುಂದಿನಿಂದ ಬಂದು ಎಲ್ಲರನ್ನೂ ಮಾತನಾಡಿಸಿ ಹೋಗಬೇಕಾದ ಗಾಳಿ ಹಿತ್ತಿಲ ಬಾಗಿಲಿನಿಂದ ಬಂದು ಹಾಗೆಯೇ ಹೊರಟುಹೋಗುತ್ತದೆ. ಕಿಂಡಿ ಹೆಚ್ಚಾದರೆ ತಂಪು ಹೆಚ್ಚು ಎಂಬುದು ಯಾವಾಗಲೂ ನಿಜವಲ್ಲ. ಗಾಳಿಗೆ ಬೇಕಾದದ್ದು ದಾರಿ.

ಗೋಡೆಗೆ ಡಿಕ್ಕಿ

ಐ.ಬಿ.ಎಂ.ನ ರಾಬರ್ಟ್ ಡೆನ್ನಾರ್ಡ್ ಮತ್ತು ಸಂಗಡಿಗರು 1974ರಲ್ಲಿ ಒಂದು ಸೂತ್ರವನ್ನು ಹೇಳಿದ್ದರು. ಟ್ರಾನ್ಸಿಸ್ಟರನ್ನು ಚಿಕ್ಕದು ಮಾಡಿದಂತೆ ಅದರ ವೋಲ್ಟೇಜನ್ನೂ ಅದೇ ಪ್ರಮಾಣದಲ್ಲಿ ಇಳಿಸಿದರೆ, ಒಂದೇ ಜಾಗದಲ್ಲಿ ಎಷ್ಟು ಟ್ರಾನ್ಸಿಸ್ಟರುಗಳನ್ನು ಕೂಡಿಸಿದರೂ ಆ ಜಾಗದ ಶಾಖ ಹೆಚ್ಚುವುದಿಲ್ಲ. ಉದ್ಯಮ ಮೂವತ್ತು ವರ್ಷ ನಡೆದದ್ದು ಈ ವರದ ಮೇಲೆ. ಆದರೆ ವೋಲ್ಟೇಜನ್ನು ಇಳಿಸುವುದಕ್ಕೆ ಒಂದು ಮಿತಿಯಿದೆ. ನಿರೋಧಕ ಪದರಗಳು ಕೆಲವೇ ಪರಮಾಣುಗಳಷ್ಟು ತೆಳುವಾದಾಗ, ಮುಚ್ಚಿದ ನಲ್ಲಿಯಿಂದ ನೀರು ತೊಟ್ಟಿಕ್ಕುವಂತೆ, ಟ್ರಾನ್ಸಿಸ್ಟರ್ ಸುಮ್ಮನಿದ್ದಾಗಲೂ ವಿದ್ಯುತ್ತು ಸೋರತೊಡಗಿತು. ಕೆಲಸವಿಲ್ಲದೆಯೂ ಬಿಸಿ!

2001ರ ಆರಂಭದಲ್ಲಿ ಇಂಟೆಲ್‌ನ ಪ್ಯಾಟ್ ಗೆಲ್ಸಿಂಗರ್ ಎಂಜಿನಿಯರುಗಳ ಸಮ್ಮೇಳನವೊಂದರಲ್ಲಿ, ಹೀಗೆಯೇ ಮುಂದುವರಿದರೆ ಚಿಪ್ಪಿನ ಒಂದೊಂದು ಚದರ ಸೆಂಟಿಮೀಟರಿನ ಶಾಖ ಪರಮಾಣು ಸ್ಥಾವರದ್ದನ್ನೂ ಮುಂದೊಂದು ದಿನ ಸೂರ್ಯನ ಮೇಲ್ಮೈಯದನ್ನೂ ಮುಟ್ಟೀತೆಂದು ಎಚ್ಚರಿಸಿದರು. ಅದೇ ವರ್ಷ ‘ಟಾಮ್ಸ್ ಹಾರ್ಡ್‌ವೇರ್’ ಎಂಬ ಜಾಲತಾಣದವರು ಓಡುತ್ತಿರುವ ಪ್ರೊಸೆಸರುಗಳ ಮೇಲಿನಿಂದ ಹೀಟ್ ಸಿಂಕನ್ನು ಕಿತ್ತು ಏನಾಗುತ್ತದೆಂದು ಚಿತ್ರೀಕರಿಸಿದರು. ಪೆಂಟಿಯಂ 4 ತನ್ನ ವೇಗವನ್ನು ತಾನೇ ತಗ್ಗಿಸಿಕೊಂಡು ಬದುಕಿತು, ಪೆಂಟಿಯಂ 3 ಸ್ತಬ್ಧವಾಯಿತು, ಅಥ್ಲಾನ್ ಕ್ಷಣಗಳಲ್ಲಿ ಹೊಗೆಯಾಡಿ ಸುಟ್ಟಿತು. ಶಾಖವನ್ನು ಅಳೆದು ತನ್ನನ್ನು ತಾನು ಕಾಪಾಡಿಕೊಳ್ಳುವ ವ್ಯವಸ್ಥೆ ಚಿಪ್ಪಿನೊಳಗೇ ಇರಬೇಕೆಂಬುದು ಎಲ್ಲರಿಗೂ ಮನದಟ್ಟಾಯಿತು.

2004ರ ಫೆಬ್ರವರಿಯಲ್ಲಿ ಬಂದ ‘ಪ್ರೆಸ್ಕಾಟ್’ ಎಂಬ ಪೆಂಟಿಯಂ 4 ಮಾದರಿಯ ಶಾಖ ನೂರು ವಾಟ್ ದಾಟಿತು. ಪೆಟ್ಟಿಗೆಗಳಿಗೂ ಹೊಸ ನಿಯಮ ಬಂದಿತ್ತು: ಕೋಣೆ 35 ಡಿಗ್ರಿ ಇದ್ದಾಗಲೂ ಪ್ರೊಸೆಸರಿನ ಫ್ಯಾನು ಸೆಳೆಯುವ ಗಾಳಿ 38 ಡಿಗ್ರಿ ಮೀರಬಾರದು. ಅದಕ್ಕಾಗಿ ಪಕ್ಕದ ತಗಡಿನಲ್ಲಿ ಕಿಂಡಿ ಕೊರೆದು, ಅಲ್ಲಿಂದ ಪ್ರೊಸೆಸರಿನವರೆಗೆ ಕೊಳವೆ ಇಳಿಸಿದರು. ‘ಬಿ.ಟಿ.ಎಕ್ಸ್.’ ಎಂಬ ಇನ್ನೊಂದು ವಿನ್ಯಾಸವೂ ಬಂದಿತು. ಪ್ರೊಸೆಸರನ್ನು ಪೆಟ್ಟಿಗೆಯ ಮುಂಭಾಗಕ್ಕೆ ತಂದು, ತಣ್ಣನೆಯ ಗಾಳಿ ಮೊದಲು ಅದನ್ನೇ ಮುಟ್ಟಿ ನೇರವಾಗಿ ಹಿಂದಕ್ಕೆ ಹೋಗುವಂತೆ ಮಾಡಿದ ಜಾಣ ವಿನ್ಯಾಸವದು. ಆದರೆ ಎಲ್ಲರೂ ಎಲ್ಲವನ್ನೂ ಬದಲಿಸಬೇಕಾಗಿತ್ತು. ಬದಲಿಸಲು ಯಾರೂ ಸಿದ್ಧರಿರಲಿಲ್ಲ.

ಕೊನೆಗೆ ಸೋತದ್ದು ವೇಗದ ಹುಚ್ಚು. ಇಂಟೆಲ್ 2004ರ ಮೇ ತಿಂಗಳಲ್ಲಿ ಮುಂದಿನ ಮಾದರಿಯನ್ನು ಕೈಬಿಟ್ಟಿತು. ಅದೇ ಅಕ್ಟೋಬರಿನಲ್ಲಿ, ವಾಗ್ದಾನ ಮಾಡಿದ್ದ 4 ಗಿಗಾಹರ್ಟ್ಸ್ ಪೆಂಟಿಯಂ 4 ಬರುವುದಿಲ್ಲವೆಂದು ಹೇಳಿತು. ಸಂಸ್ಥೆಯ ಮುಖ್ಯಸ್ಥ ಕ್ರೇಗ್ ಬ್ಯಾರೆಟ್ ತುಂಬಿದ ಸಭೆಯ ಮುಂದೆ ಮೊಣಕಾಲೂರಿ ಕ್ಷಮೆ ಬೇಡಿದರು. ಅದರಲ್ಲಿ ಸ್ವಲ್ಪ ತಮಾಷೆಯೂ ಇತ್ತೆನ್ನಿ; ಆದರೂ ಅಷ್ಟು ದೊಡ್ಡ ಸಂಸ್ಥೆಯ ಯಜಮಾನ ಮಂಡಿಯೂರಿದ ಚಿತ್ರ ನನ್ನ ಮನಸ್ಸಿನಲ್ಲಿ ಉಳಿದಿದೆ. 2006ರಲ್ಲಿ ಬಂದ ‘ಕೋರ್ 2 ಡುಯೋ’ 65 ವಾಟ್‌ನಲ್ಲಿ ಹೆಚ್ಚು ಕೆಲಸ ಮಾಡಿತು. ಒಬ್ಬನನ್ನು ಓಡಿಸಿ ದಣಿಸುವುದರ ಬದಲು ಇಬ್ಬರನ್ನು ನಡೆಸುವ ಉಪಾಯವದು. ಅದೇ ವರ್ಷ ಇಂಟೆಲ್ ಬಿ.ಟಿ.ಎಕ್ಸ್. ವಿನ್ಯಾಸವನ್ನೂ ಕೈಬಿಟ್ಟಿತು.

ನಮ್ಮ ಶಾಲೆಯ ಕೋಣೆ

ಈಗ ನನ್ನ ವಿಷಯ. ಆಗ ನಾನು ಬಳ್ಳಾರಿ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕ. ಶಾಲೆಗೆ ಹನ್ನೊಂದು ಗಣಕಯಂತ್ರಗಳು ಬಂದವು. ಕೋಣೆಯ ಹೊಣೆ ನನ್ನ ಹೆಗಲಿಗೆ ಬಿತ್ತು. ಆ ಸೀಮೆಯ ಕೆಂಪು ಧೂಳನ್ನು ಕಂಡವರೇ ಬಲ್ಲರು. ಯಂತ್ರಗಳಿಗೆ ಧೂಳು ವೈರಿಯೆಂದು ತರಬೇತಿಯಲ್ಲಿ ಕೇಳಿದ್ದೆ. ಕಿಟಕಿಗಳನ್ನು ಮುಚ್ಚಿಸಿ ಸಂದುಗಳಿಗೆ ಕಾಗದ ಅಂಟಿಸಿದೆ. ಚಪ್ಪಲಿ ಹೊರಗೆ. ಧೂಳು ಏಳುತ್ತದೆಂದು ಮೇಲಿನ ಫ್ಯಾನನ್ನೂ ಹಾಕಗೊಡುತ್ತಿರಲಿಲ್ಲ. ದರ್ಜಿಯಿಂದ ದಪ್ಪ ಬಟ್ಟೆಯ ಗವಸು ಹೊಲಿಸಿ ಪ್ರತಿ ಪೆಟ್ಟಿಗೆಗೂ ತೊಡಿಸಿದೆ. ಯಂತ್ರ ಓಡುವಾಗಲೂ ಅದು ಮುಂದಿನ ಗುಂಡಿಯಷ್ಟು ಮಾತ್ರ ಸರಿಯುತ್ತಿತ್ತು. ಕೋಣೆ ದೇವರ ಮನೆಯಂತಿತ್ತು. ನನಗೆ ಅದರ ಬಗ್ಗೆ ಹೆಮ್ಮೆಯೂ ಇತ್ತು.

ಈಗ ಲೆಕ್ಕ ಹಾಕುತ್ತೇನೆ. ಹನ್ನೊಂದು ಯಂತ್ರಗಳು, ಅವುಗಳ ದಪ್ಪ ಗಾಜಿನ ಹಳೆಯ ಮಾನಿಟರುಗಳು, ಒಟ್ಟು ಎರಡು ಕಿಲೋವಾಟ್ ಎನ್ನೋಣ. ಯಂತ್ರಕ್ಕಿಬ್ಬರಂತೆ ಇಪ್ಪತ್ತೆರಡು ಮಕ್ಕಳು. ಸುಮ್ಮನೆ ಕುಳಿತ ಒಬ್ಬ ಮನುಷ್ಯನ ದೇಹ ನೂರು ವಾಟ್‌ನ ಆಸುಪಾಸಿನ ಶಾಖ ಬಿಡುತ್ತದೆ. ಅದು ಮತ್ತೆರಡು ಕಿಲೋವಾಟ್. ನಾಲ್ಕು ಕಿಲೋವಾಟ್‌ನ ಹೀಟರನ್ನು ಹಚ್ಚಿ, ಕಿಟಕಿ ಮುಚ್ಚಿ, ಹೊರಗೆ ನಲವತ್ತು ಡಿಗ್ರಿಯ ಬಿಸಿಲಿನಲ್ಲಿ ಪಾಠ ಮಾಡುತ್ತಿದ್ದೆ. 35 ಡಿಗ್ರಿಯ ಕೋಣೆಯನ್ನು ಊಹಿಸಿಕೊಂಡು ಗೆರೆ ಎಳೆದವರಿಗೆ ನಮ್ಮ ಊರಿನ ಮಾರ್ಚ್ ತಿಂಗಳು ಗೊತ್ತಿರಲಿಲ್ಲ. ಗೊತ್ತಿದ್ದ ನಾನು ಯೋಚಿಸಲಿಲ್ಲ.

ಮೂಲೆಯ ಒಂದು ಯಂತ್ರ ಮಧ್ಯಾಹ್ನವಾದರೆ ಆರಿಹೋಗುತ್ತಿತ್ತು. ಅದರ ಎರಡು ಬದಿಗೂ ಗೋಡೆ. ಉಸಿರಾಡಲು ಜಾಗವೇ ಇಲ್ಲ. ಯಂತ್ರದ ಮುಂದೆ ಹೆಚ್ಚಾಗಿ ಕೂರುತ್ತಿದ್ದವನು ಒಂಬತ್ತನೆಯ ತರಗತಿಯ ಒಬ್ಬ ಹುಡುಗ. ಅವನು ಹೊರಗಿನಿಂದ ಆಟಗಳ ಫ್ಲಾಪಿ ತರುತ್ತಾನೆಂದು ಸುದ್ದಿಯಿತ್ತು. ಯಾರೋ ‘ವೈರಸ್’ ಎಂದರು. ನನಗೆ ಅಷ್ಟೇ ಸಾಕಾಯಿತು. ಎಲ್ಲರೆದುರು ಅವನನ್ನು ನಿಲ್ಲಿಸಿ ಬೈದೆ. ಆ ವರ್ಷ ಇನ್ನು ಕೋಣೆಯೊಳಗೆ ಕಾಲಿಡಬೇಡವೆಂದೆ. ಹುಡುಗ ತಲೆ ತಗ್ಗಿಸಿ ಒಂದೇ ಮಾತು ಹೇಳಿದ: “ಸಾರ್, ಅದರ ಮೈ ಮುಟ್ಟಿ ನೋಡ್ರಿ, ಜರ ಬಂದಂಗೈತಿ.”

ನನಗದು ಉದ್ಧಟತನವೆನಿಸಿತು. ಮುಟ್ಟಿ ನೋಡಲಿಲ್ಲ. ಇಪ್ಪತ್ತು ವರ್ಷಗಳಿಂದ ಸಂವಹನದ ಪಾಠ ಮಾಡುತ್ತಿದ್ದವನು, ಬೀಕರಿನಲ್ಲಿ ನೀರು ಕಾಯಿಸಿ ಪ್ರವಾಹ ತೋರಿಸುತ್ತಿದ್ದವನು, ಕಣ್ಣೆದುರಿಗಿನ ಪೆಟ್ಟಿಗೆಯಲ್ಲಿ ಅದನ್ನು ಕಾಣಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎಂಬುದು ಇದಕ್ಕೇ.

ಜುಲೈ ತಿಂಗಳಲ್ಲಿ ರಿಪೇರಿಯವರು ಬಂದು ಪೆಟ್ಟಿಗೆ ತೆರೆದರು. ಇಷ್ಟೆಲ್ಲ ಮುಚ್ಚಿಟ್ಟರೂ ಧೂಳು ಒಳಗಿತ್ತು. ಬಟ್ಟೆಯ ನೂಲಿನ ಎಳೆಗಳೂ ಸೇರಿ ರೆಕ್ಕೆಗಳನ್ನು ಮುಚ್ಚಿದ್ದವು. ಮದರ್‌ಬೋರ್ಡಿನ ಕೆಲವು ಕೆಪಾಸಿಟರುಗಳ ತಲೆ ಉಬ್ಬಿದ್ದವು. ಉಷ್ಣತೆ ಹತ್ತು ಡಿಗ್ರಿ ಏರಿದರೆ ಆ ಭಾಗದ ಆಯುಷ್ಯ ಹೆಚ್ಚುಕಡಿಮೆ ಅರ್ಧವಾಗುತ್ತದೆಂದು ಆಮೇಲೆ ಓದಿ ತಿಳಿದೆ. ವೈರಸ್ ಇರಲಿಲ್ಲ. ಗವಸುಗಳನ್ನು ತೆಗೆಸಿದೆ, ಯಂತ್ರಗಳನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಸರಿಸಿದೆ, ಕಿಟಕಿಗಳಿಗೆ ಸೊಳ್ಳೆಪರದೆಯ ಬಟ್ಟೆ ಹಾಕಿಸಿ ತೆರೆದೆ. ಹತ್ತನೆಯ ತರಗತಿಗೆ ಬಂದಿದ್ದ ಆ ಹುಡುಗನನ್ನು ಮತ್ತೆ ಕೋಣೆಗೆ ಬಿಟ್ಟೆ. ಆದರೆ ತಪ್ಪು ನನ್ನದಾಗಿತ್ತು ಎಂದು ಅವನಿಗೆ ಹೇಳಲಿಲ್ಲ. ಅವನು ಬಂದು ಕಡೆಯ ಬೆಂಚಿನಲ್ಲಿ ಕುಳಿತ. ಯಂತ್ರವನ್ನು ಮೊದಲಿನ ಆಸೆಯಿಂದ ಮುಟ್ಟಲಿಲ್ಲ.

ಮತ್ತೆ ನೀರಿನ ಕಡೆಗೆ

ಕಥೆ ಅಲ್ಲಿಗೆ ನಿಲ್ಲಲಿಲ್ಲ. 2020ರಲ್ಲಿ ಆಪಲ್ ಸಂಸ್ಥೆ ಫ್ಯಾನೇ ಇಲ್ಲದ ಲ್ಯಾಪ್‌ಟಾಪನ್ನು ಯಶಸ್ವಿಯಾಗಿ ತಂದಿತು. ಈ ಸಲ ಹಠದಿಂದಲ್ಲ, ಕಡಿಮೆ ವಿದ್ಯುತ್ತು ಕುಡಿಯುವ ಎಂ-1 ಚಿಪ್ಪಿನ ಬಲದಿಂದ. ಇನ್ನೊಂದು ತುದಿಯಲ್ಲಿ 2022ರ ಒಂದು ಗ್ರಾಫಿಕ್ಸ್ ಕಾರ್ಡಿಗೇ 450 ವಾಟ್ ಬೇಕಾಯಿತು. ಕೃತಕ ಬುದ್ಧಿಮತ್ತೆಗಾಗಿ ಎನ್ವಿಡಿಯಾ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಒಂದು ಕಪಾಟು ಸುಮಾರು 120 ಕಿಲೋವಾಟ್ ಬಳಸುತ್ತದೆ. ಅದನ್ನು ತಣಿಸುವುದು ಕೊಳವೆಗಳಲ್ಲಿ ಹರಿಯುವ ದ್ರವ. ಇಡೀ ಕೋಣೆ ತುಂಬಿದ್ದ ಎನಿಯಾಕ್‌ನ ಶಾಖಕ್ಕೆ ಸಮೀಪದ ಶಾಖ ಈಗ ಒಂದೇ ಕಪಾಟಿನಿಂದ ಹೊರಡುತ್ತಿದೆ. ಗೆದ್ದೆವೆಂದುಕೊಂಡ ಯುದ್ಧ ಮತ್ತೆ ಬಾಗಿಲಿಗೆ ಬಂದಿದೆ.

ಮನೆಯಲ್ಲಿ ಮೇಜಿನ ಗಣಕಯಂತ್ರ ಇಟ್ಟುಕೊಂಡವರಿಗೆ ನನ್ನ ಮಾತು ಇಷ್ಟೆ. ಪೆಟ್ಟಿಗೆಯನ್ನು ಗೋಡೆಗೆ ಒತ್ತಿ ಇಡಬೇಡಿ, ಬೀರುವಿನೊಳಗೆ ಬಚ್ಚಿಡಬೇಡಿ. ಮುಂದಿನಿಂದ ಗಾಳಿ ಒಳಕ್ಕೆ, ಹಿಂದಿನಿಂದ ಮತ್ತು ಮೇಲಿನಿಂದ ಹೊರಕ್ಕೆ ಹೋಗುತ್ತಿದೆಯೇ ಎಂದು ಒಂದು ಊದುಬತ್ತಿಯ ಹೊಗೆಯನ್ನು ದೂರದಿಂದ ಹಿಡಿದು ನೋಡಿ. ಒಳಕ್ಕೆ ನೂಕುವ ಗಾಳಿ ಹೊರಕ್ಕೆಳೆಯುವುದಕ್ಕಿಂತ ತುಸು ಹೆಚ್ಚಿದ್ದರೆ, ಧೂಳು ಸಿಕ್ಕಸಿಕ್ಕ ಸಂದಿನಿಂದ ನುಗ್ಗದೆ ಜಾಲರಿಯಲ್ಲೇ ನಿಲ್ಲುತ್ತದೆ. ಬೇಸಿಗೆಗೆ ಮುನ್ನ ಒಮ್ಮೆ, ವಿದ್ಯುತ್ ಸಂಪರ್ಕ ಪೂರ್ತಿ ತಪ್ಪಿಸಿ, ಫ್ಯಾನು ತಿರುಗದಂತೆ ಬೆರಳಿನಿಂದ ಹಿಡಿದು, ಒಣ ಕುಂಚದಿಂದ ಧೂಳು ತೆಗೆಯಿರಿ. ವಿದ್ಯುತ್ ಘಟಕವನ್ನು ಮಾತ್ರ ಬಿಚ್ಚಬೇಡಿ. ಆರಿಸಿದ ಮೇಲೂ ಅದರೊಳಗೆ ವಿದ್ಯುತ್ತು ಉಳಿದಿರುತ್ತದೆ.

ಇನ್ನು ಆ ಹುಡುಗ. ಈಗ ಅವನಿಗೆ ಮೂವತ್ತು ದಾಟಿರಬೇಕು. ಎಲ್ಲಿದ್ದಾನೆಂದು ನನಗೆ ತಿಳಿಯದು. ಅವನ ತರಗತಿಯ ಹಲವರು ಈ ಪುಟ ಓದುತ್ತೀರೆಂದು ಬಲ್ಲೆ. ಹೆಸರು ಬರೆಯುವುದಿಲ್ಲ, ನಿಮಗೆ ನೆನಪಿರುತ್ತದೆ. ಅವನು ಕಂಡರೆ ಇದನ್ನು ತಲುಪಿಸಿ: ಯಂತ್ರಕ್ಕೆ ಜ್ವರ ಬಂದಿದೆಯೆಂದು ಅವನು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಆ ಕೋಣೆಯಲ್ಲಿ ಅಂದು ವಿಜ್ಞಾನ ಬಲ್ಲವನು ಅವನೊಬ್ಬನೇ. ಮೇಷ್ಟ್ರು ಕ್ಷಮೆ ಕೇಳುತ್ತಾರೆ.